ಪಿಸಿಒಎಸ್ ಇದೆ, ಗರ್ಭಕೋಶ ತೆಗೆಸಬೇಕಾಗಿದೆ. ಅಂಡಾಶಯವನ್ನೂ ತೆಗೆಸಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗರ್ಭಕೋಶ ತೆಗೆಯುವ ಆಪರೇಷನ್‌ಗೆ ದಿನ ಗೊತ್ತಾಗಿರುತ್ತದೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮುಗಿದಿರುತ್ತದೆ. ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ಡಾಕ್ಟರ್ ಕೇಳುತ್ತಾರೆ: "ಹೇಗೂ ಪಿಸಿಒಎಸ್ ಇದೆ, ಅಂಡಾಶಯಗಳನ್ನೂ ತೆಗೆದುಬಿಡೋಣವಾ?"

ಪಿಸಿಒಎಸ್ ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನ್ ಏರುಪೇರಿನ ಒಂದು ತೊಂದರೆ. ನನಗೂ ಹೀಗೇ ಕೇಳಿದ್ದರು. ಆಗ ನನಗೆ 42 ವರ್ಷ. ಇಪ್ಪತ್ತು ವರ್ಷ ಕಾಟ ಕೊಟ್ಟ ಅಂಡಾಶಯಗಳು ಹೋದರೆ ಹೋಗಲಿ ಅನ್ನಿಸಿತ್ತು. "ಆಗಲಿ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೂ ಒಂದು ವಾರ ಸಮಯ ಕೇಳಿದೆ. ಆ ವಾರ ನಾನು ಓದಿದ್ದು, ಕೇಳಿ ತಿಳಿದದ್ದು, ಆಮೇಲೆ ಇದೇ ದಾರಿಯಲ್ಲಿ ಬಂದ ಹೆಂಗಸರು ನನ್ನನ್ನು ಕೇಳಿದ್ದು ಎಲ್ಲ ಇಲ್ಲಿದೆ. ತೀರ್ಮಾನ ಆಗಬೇಕಾದದ್ದು ನಿಮ್ಮ ಮತ್ತು ನಿಮ್ಮ ಡಾಕ್ಟರ್ ನಡುವೆ. ಆ ಮಾತುಕತೆಗೆ ನೀವು ಏನೂ ಗೊತ್ತಿಲ್ಲದೆ ಹೋಗಬಾರದು ಅನ್ನುವುದು ನನ್ನ ಆಸೆ.

ಪಿಸಿಒಎಸ್ ಇದ್ದವರು ಅಂಡಾಶಯ ತೆಗೆಸಲೇಬೇಕಾ?

ಇಲ್ಲ. ಪಿಸಿಒಎಸ್ ಒಂದನ್ನೇ ಕಾರಣ ಮಾಡಿಕೊಂಡು ತೆಗೆಸಬೇಕಾಗಿಲ್ಲ. ಬೇರೆ ಗಟ್ಟಿ ಕಾರಣ ಇದ್ದರೆ ತೆಗೆಸಬೇಕಾಗಬಹುದು. ಅವು ಯಾವುವು ಅಂತ ಮುಂದೆ ಬರೆದಿದ್ದೇನೆ.

ಗರ್ಭಕೋಶ ತೆಗೆದರೆ ಅಂಡಾಶಯವೂ ಅದರ ಜೊತೆ ಹೋಗುತ್ತದೆ ಅಲ್ವಾ?

ಹೋಗಬೇಕೆಂದೇನಿಲ್ಲ. ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಗರ್ಭಕೋಶದ ಎರಡೂ ಬದಿಗೆ ಒಂದೊಂದು ಅಂಡಾಶಯ ಇರುತ್ತದೆ. ಅವುಗಳಿಗೆ ತಮ್ಮದೇ ರಕ್ತನಾಳ ಇದೆ. ಹಾಗಾಗಿ ಗರ್ಭಕೋಶ ತೆಗೆದು ಅಂಡಾಶಯ ಉಳಿಸಲು ಬರುತ್ತದೆ.

ಗೊಂದಲ ಆಗುವುದು ಹೆಸರಿನಿಂದ. "ಟೋಟಲ್ ಹಿಸ್ಟರೆಕ್ಟಮಿ" ಅಂದ ಕೂಡಲೇ ಒಳಗಿರುವುದನ್ನೆಲ್ಲ ತೆಗೆಯುತ್ತಾರೆ ಅಂದುಕೊಳ್ಳುತ್ತೇವೆ. ಅದರ ಅರ್ಥ ಗರ್ಭಕೋಶ ಮತ್ತು ಅದರ ಕೊರಳು, ಅಷ್ಟೇ. ಎರಡೂ ಅಂಡಾಶಯ, ಅಲ್ಲಿಂದ ಗರ್ಭಕೋಶಕ್ಕೆ ಅಂಡ ಸಾಗಿಸುವ ಎರಡೂ ನಾಳ ತೆಗೆಯುವುದಾದರೆ ಕಾಗದದಲ್ಲಿ "ಬಿಎಸ್‌ಒ" ಎಂದು ಬರೆದಿರುತ್ತಾರೆ. ನಾಳಗಳನ್ನು ಮಾತ್ರ ತೆಗೆಯುವುದಕ್ಕೆ "ಸಾಲ್ಪಿಂಜೆಕ್ಟಮಿ" ಅನ್ನುತ್ತಾರೆ. ಈ ಎರಡು ಪದ ನೆನಪಿಟ್ಟುಕೊಳ್ಳಿ. ಒಪ್ಪಿಗೆ ಪತ್ರ ಓದುವಾಗ ಬೇಕಾಗುತ್ತದೆ.

ಅಂಡಾಶಯದ ತುಂಬ ನೀರುಗುಳ್ಳೆ ಇವೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ಅಂಥದ್ದನ್ನು ಯಾಕೆ ಇಟ್ಟುಕೊಳ್ಳಬೇಕು?

"ಗುಳ್ಳೆ" ಅನ್ನುವ ಪದವೇ ನಮ್ಮನ್ನು ತುಂಬ ಹೆದರಿಸಿದೆ. ಪಿಸಿಒಎಸ್‌ನಲ್ಲಿ ಕಾಣುವುದು ಗೆಡ್ಡೆಗಳಲ್ಲ. ಅವು ಅಂಡ ಇರುವ ಪುಟ್ಟ ಚೀಲಗಳು. ಸಾಮಾನ್ಯವಾಗಿ 2ರಿಂದ 9 ಮಿಲಿಮೀಟರ್ ಇರುತ್ತವೆ. ತಿಂಗಳಿಗೆ ಒಂದು ಚೀಲ ದೊಡ್ಡದಾಗಿ ಒಡೆದು ಅಂಡ ಹೊರಗೆ ಬರಬೇಕು. ಹಾರ್ಮೋನ್ ಏರುಪೇರಾದಾಗ ಅವು ಅರ್ಧಕ್ಕೇ ಬೆಳೆದು ನಿಂತುಬಿಡುತ್ತವೆ. ಇವು ಕ್ಯಾನ್ಸರ್ ಆಗಿ ತಿರುಗುವ ಗೆಡ್ಡೆಗಳಲ್ಲ.

1935ರಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ಡಾಕ್ಟರುಗಳು ಏಳು ಮಂದಿ ಹೆಂಗಸರ ಬಗ್ಗೆ ಬರೆದರು. ಅವರ ಅಂಡಾಶಯದಿಂದ ಒಂದು ತುಂಡು ಕತ್ತರಿಸಿ ತೆಗೆದಾಗ ಮುಟ್ಟು ಮತ್ತೆ ಬರಲು ಶುರುವಾಯಿತು. ಕಾಯಿಲೆ ಇರುವುದು ಅಂಡಾಶಯದಲ್ಲೇ ಅನ್ನುವ ನಂಬಿಕೆ ಬೇರೂರಿದ್ದು ಆಗಿನಿಂದ. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಮೂರು ಗುರುತು ಹೇಳಿದರು. ಮುಟ್ಟು ಸರಿಯಾಗಿ ಆಗದಿರುವುದು ಒಂದು. ಗಂಡು ಹಾರ್ಮೋನ್ ಜಾಸ್ತಿ ಇರುವುದು ಇನ್ನೊಂದು. ಸ್ಕ್ಯಾನಿಂಗ್‌ನಲ್ಲಿ ಕಾಣುವ ಈ ಚೀಲಗಳು ಮೂರನೆಯದು. ಇವುಗಳಲ್ಲಿ ಎರಡು ಇದ್ದರೆ ಪಿಸಿಒಎಸ್. ಅಂದರೆ ಚೀಲಗಳೇ ಇಲ್ಲದೆಯೂ ಪಿಸಿಒಎಸ್ ಇರಬಹುದು.

ಆದರೆ ಒಂದು ಎಚ್ಚರ ಬೇಕು. ಪಿಸಿಒಎಸ್ ಇರುವವರಿಗೂ ಬೇರೆ ಗೆಡ್ಡೆ ಬರಬಹುದು. ಎಂಡೊಮೆಟ್ರಿಯೋಸಿಸ್‌ನ (ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯುವ ಕಾಯಿಲೆ) ರಕ್ತ ತುಂಬಿದ ಗೆಡ್ಡೆ, ಕೂದಲು ಕೊಬ್ಬು ತುಂಬಿದ ಡರ್ಮಾಯ್ಡ್ ಗೆಡ್ಡೆ, ಒಳಗೆ ಗಟ್ಟಿ ಭಾಗ ಇರುವ ಗೆಡ್ಡೆ ಇವೆಲ್ಲ ಬೇರೆ ಲೆಕ್ಕ. ರಿಪೋರ್ಟ್ ಮುಂದಿಟ್ಟು "ಇವು ಪಿಸಿಒಎಸ್ ಚೀಲಗಳಾ, ಬೇರೆ ಗೆಡ್ಡೆಯಾ?" ಅಂತ ನೇರವಾಗಿ ಕೇಳಿ.

ಅಂಡಾಶಯ ತೆಗೆಸಿದರೆ ಪಿಸಿಒಎಸ್ ಪೂರ್ತಿ ವಾಸಿ ಆಗುತ್ತಲ್ವಾ?

ನನ್ನನ್ನು ಅತಿ ಜಾಸ್ತಿ ಮಂದಿ ಕೇಳಿದ ಪ್ರಶ್ನೆ ಇದು. ಇದರ ಹಿಂದಿರುವ ದಣಿವು ನನಗೆ ಅರ್ಥವಾಗುತ್ತದೆ. ಆದರೆ ಉತ್ತರ "ಇಲ್ಲ".

ಪಿಸಿಒಎಸ್ ಹೆಸರಿನಲ್ಲಿ ಅಂಡಾಶಯ ಇದೆ, ಕಾಯಿಲೆ ಇಡೀ ಮೈಯದ್ದು. ನಮ್ಮಲ್ಲಿ ಹೆಚ್ಚಿನವರ ಮೈ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಜಾಸ್ತಿ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಹೆಚ್ಚು ಮಾಡಿಸುತ್ತದೆ. ಅಂಡಾಶಯ ತೆಗೆದರೆ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ನಿಜ. ಆದರೆ ಇನ್ಸುಲಿನ್ ತೊಂದರೆ ಇದ್ದಲ್ಲೇ ಇರುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬಿನ ಏರುಪೇರು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವುಗಳ ಅಪಾಯ ಆಪರೇಷನ್‌ನಿಂದ ಹೋಗುವುದಿಲ್ಲ.

ಇನ್ನೊಂದು ಮಾತು. ಅಂಡಾಶಯ ಮಾಡುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಒಮ್ಮೆಲೇ ನಿಂತರೆ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಜಾಸ್ತಿ ಆಗುತ್ತದೆ, ಇನ್ಸುಲಿನ್ ಕೆಲಸ ಇನ್ನೂ ಹದಗೆಡಬಹುದು. ನಮಗೆ ಮೊದಲೇ ಇರುವ ದುರ್ಬಲ ಜಾಗಕ್ಕೇ ಪೆಟ್ಟು ಬೀಳುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಮೂಗು ಹೋದ ಮೇಲೂ ನೆಗಡಿ ಉಳಿಯುತ್ತದೆ.

ಮುಖದ ಕೂದಲು, ಮೊಡವೆಯಾದರೂ ಹೋಗುತ್ತವಾ?

ಕಡಿಮೆ ಆಗಬಹುದು. ಪೂರ್ತಿ ಹೋಗುತ್ತದೆ ಅಂತ ನಂಬಿ ಆಪರೇಷನ್‌ಗೆ ಮಲಗಬೇಡಿ. ಗಂಡು ಹಾರ್ಮೋನ್ ಅಂಡಾಶಯದಲ್ಲಿ ಮಾತ್ರ ಆಗುವುದಿಲ್ಲ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲೂ ಆಗುತ್ತದೆ. ಪಿಸಿಒಎಸ್ ಇರುವ ಕೆಲವರಲ್ಲಿ ಅಡ್ರಿನಲ್ ಪಾಲೂ ಜಾಸ್ತಿಯೇ ಇರುತ್ತದೆ. ಡಿಎಚ್‌ಇಎ ಸಲ್ಫೇಟ್ ಎಂಬ ರಕ್ತಪರೀಕ್ಷೆ ಅದರ ಸುಳಿವು ಕೊಡುತ್ತದೆ. ಇನ್ನು, ಒಮ್ಮೆ ದಪ್ಪಗೆ ಕಪ್ಪಗೆ ಆದ ಕೂದಲು ಹಾರ್ಮೋನ್ ಇಳಿದ ಮಾತ್ರಕ್ಕೆ ಉದುರಿಹೋಗುವುದಿಲ್ಲ. ಲೇಸರ್, ಗಂಡು ಹಾರ್ಮೋನ್ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಇಂಥ ದಾರಿಗಳಿವೆ. ಅಂಡಾಶಯ ಇದ್ದೇ ಅವನ್ನು ಮಾಡಿಸಿಕೊಳ್ಳಬಹುದು.

ಹಾಗಾದರೆ ಪಿಸಿಒಎಸ್‌ಗೆ ಗರ್ಭಕೋಶ ತೆಗೆಸುವುದಾದರೂ ಯಾಕೆ?

ಪಿಸಿಒಎಸ್‌ಗೆ ಅಂತ ತೆಗೆಸುವುದಲ್ಲ. ಫೈಬ್ರಾಯ್ಡ್ ಗೆಡ್ಡೆ, ನಿಲ್ಲದ ರಕ್ತಸ್ರಾವ, ಅಡಿನೊಮಯೋಸಿಸ್ (ಒಳಪದರ ಗರ್ಭಕೋಶದ ಗೋಡೆಯೊಳಗೆ ಬೆಳೆಯುವುದು), ಗರ್ಭಕೋಶ ಜಾರುವುದು, ಇವು ಯಾರಿಗಾದರೂ ಬರಬಹುದಾದ ಕಾರಣಗಳು. ನಮಗೆ ವಿಶೇಷವಾಗಿ ಬರುವುದು ಒಳಪದರದ ತೊಂದರೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ಕಳಚಿಕೊಳ್ಳದೆ ದಪ್ಪವಾಗುತ್ತ ಹೋಗುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರ್ ಕಡೆಗೆ ತಿರುಗುತ್ತದೆ. ಬಯಾಪ್ಸಿಯಲ್ಲಿ "ಅಟಿಪಿಯಾ" (ಜೀವಕೋಶಗಳ ರೂಪ ಕೆಟ್ಟಿದೆ) ಅಂತ ಬಂದರೆ, ಮಕ್ಕಳು ಬೇಕೆಂದಿಲ್ಲದವರಿಗೆ ಸಾಮಾನ್ಯವಾಗಿ ಗರ್ಭಕೋಶ ತೆಗೆಸಿ ಅನ್ನುತ್ತಾರೆ. ಅಟಿಪಿಯಾ ಇಲ್ಲದಿದ್ದರೆ, ಒಳಪದರ ದಪ್ಪವಾಗದಂತೆ ತಡೆಯುವ ಪ್ರೊಜೆಸ್ಟಿರಾನ್ ಹಾರ್ಮೋನ್ ಮಾತ್ರೆಯಲ್ಲಿ, ಇಲ್ಲವೇ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಲ್ಲಿ ಬಹಳ ಮಂದಿಗೆ ಸರಿಹೋಗುತ್ತದೆ. ಅದನ್ನು ಪ್ರಯತ್ನಿಸಿ ನೋಡಿದ್ದಾಯಿತಾ ಅಂತ ಒಮ್ಮೆ ಕೇಳಿಕೊಳ್ಳಿ.

ಅಂಡಾಶಯ ತೆಗೆದರೆ ಮೈಯಲ್ಲಿ ಏನೇನಾಗುತ್ತದೆ?

ಮುಟ್ಟು ತಾನಾಗಿ ನಿಲ್ಲುವಾಗ ಹಾರ್ಮೋನ್ ಕೆಲವು ವರ್ಷ ಏರಿಳಿದು ನಿಧಾನವಾಗಿ ಕಡಿಮೆಯಾಗುತ್ತದೆ. ಎರಡೂ ಅಂಡಾಶಯ ತೆಗೆದಾಗ ಕೆಲವೇ ದಿನಗಳಲ್ಲಿ ಬಿದ್ದುಹೋಗುತ್ತದೆ. ಮೆಟ್ಟಿಲು ಇಳಿಯುವುದಕ್ಕೂ ಮಹಡಿಯಿಂದ ಬೀಳುವುದಕ್ಕೂ ಇರುವಷ್ಟು ವ್ಯತ್ಯಾಸ. ಮೈ ಇದ್ದಕ್ಕಿದ್ದಂತೆ ಕಾದು ಬೆವರುವುದು, ನಿದ್ದೆ ಬಾರದಿರುವುದು, ಸಿಡುಕು, ಕೀಲು ನೋವು, ಯೋನಿ ಒಣಗುವುದು, ಮೂತ್ರ ಪದೇ ಪದೇ ಬರುವುದು, ಇವೆಲ್ಲ ಒಟ್ಟಿಗೇ ಬಂದು ಎರಗಬಹುದು. ಕೆಲವರಿಗೆ ಹಗುರವಾಗಿ ಕಳೆಯುತ್ತದೆ. ಚಿಕ್ಕ ವಯಸ್ಸಿನವರಿಗೆ ಸಾಮಾನ್ಯವಾಗಿ ಜಾಸ್ತಿ ಕಾಡುತ್ತದೆ.

ಕಣ್ಣಿಗೆ ಕಾಣದ ಬದಲಾವಣೆಗಳು ಇನ್ನೂ ಮುಖ್ಯ. ಮೂಳೆ ಬೇಗ ಸವೆಯುತ್ತದೆ. ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು ತುಂಬ ವರ್ಷ ನಡೆಸಿದ ಅಧ್ಯಯನದಲ್ಲಿ, ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿದವರಲ್ಲಿ ಮರೆವಿನ ಕಾಯಿಲೆ ಜಾಸ್ತಿ ಕಂಡಿತು.

ಅದೇ ದೇಶದ ನರ್ಸ್‌ಗಳ ಅಧ್ಯಯನ ಇನ್ನೂ ದೊಡ್ಡದು. ಗರ್ಭಕೋಶ ತೆಗೆಸಿದ ಸುಮಾರು 30 ಸಾವಿರ ಹೆಂಗಸರನ್ನು 28 ವರ್ಷ ಗಮನಿಸಿ 2013ರಲ್ಲಿ ಫಲಿತಾಂಶ ಹೇಳಿದರು. ಅಂಡಾಶಯವನ್ನೂ ತೆಗೆಸಿದವರಲ್ಲಿ ಅಂಡಾಶಯದ ಕ್ಯಾನ್ಸರ್‌ನಿಂದ ಸತ್ತವರು ಕಡಿಮೆ. ಆದರೆ ಎಲ್ಲ ಕಾರಣಗಳ ಸಾವು ಸೇರಿಸಿ ನೋಡಿದರೆ, 50 ವರ್ಷದೊಳಗೆ ಅಂಡಾಶಯ ತೆಗೆಸಿ ಈಸ್ಟ್ರೋಜನ್ ಒಮ್ಮೆಯೂ ತೆಗೆದುಕೊಳ್ಳದವರಲ್ಲಿ ಸಾವು ಜಾಸ್ತಿ ಇತ್ತು. ಯಾವ ವಯಸ್ಸಿನಲ್ಲಿ ತೆಗೆಸಿದವರೂ ಅದರಿಂದ ಜಾಸ್ತಿ ವರ್ಷ ಬದುಕಿದ್ದು ಕಾಣಲಿಲ್ಲ. ಇದು ದೂರದಿಂದ ಗಮನಿಸಿದ ಅಧ್ಯಯನ. ತೆಗೆಸಿದವರಿಗೂ ಉಳಿಸಿಕೊಂಡವರಿಗೂ ಬೇರೆ ವ್ಯತ್ಯಾಸಗಳೂ ಇದ್ದಿರಬಹುದು. ಆದರೂ ನನ್ನ ಮನಸ್ಸು ತಿರುಗಿದ್ದು ಇದನ್ನು ಓದಿದ ಮೇಲೆ.

ಮುಂದೆ ಅಂಡಾಶಯದ ಕ್ಯಾನ್ಸರ್ ಬಂದರೆ? ಈಗಲೇ ತೆಗೆಸಿಬಿಟ್ಟರೆ ನೆಮ್ಮದಿ ಅಲ್ವಾ?

ಈ ಭಯವನ್ನು ನಾನು ಕಡೆಗಣಿಸುವುದಿಲ್ಲ. ಅಂಡಾಶಯದ ಕ್ಯಾನ್ಸರ್ ಕೆಟ್ಟದ್ದು. ತಡವಾಗಿ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಸಿಎ 125 ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುತ್ತಿದ್ದರೆ ಸಾಕು ಅನ್ನುವ ಹಾಗೂ ಇಲ್ಲ. ಬ್ರಿಟನ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪರೀಕ್ಷೆಯ ಕೊನೆಯ ಲೆಕ್ಕ 2021ರಲ್ಲಿ ಬಂತು. ಹೀಗೆ ತಪಾಸಣೆ ಮಾಡಿದ್ದರಿಂದ ಸಾವು ಕಡಿಮೆ ಆಗಲಿಲ್ಲ.

ಹಾಗಂತ ಅಪಾಯ ಎಷ್ಟು ಅಂತಲೂ ನೋಡಬೇಕು. ಮನೆತನದಲ್ಲಿ ಈ ಕಾಯಿಲೆ ಇಲ್ಲದ ಹೆಂಗಸಿಗೆ ಜೀವಮಾನದಲ್ಲಿ ಇದು ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ತುಸು ಜಾಸ್ತಿ. ಮೇಲೆ ಹೇಳಿದ ನರ್ಸ್‌ಗಳ ಅಧ್ಯಯನದಲ್ಲಿ ಅಂಡಾಶಯ ಉಳಿಸಿಕೊಂಡವರು 13,203 ಮಂದಿ. 28 ವರ್ಷದಲ್ಲಿ ಅವರಲ್ಲಿ ಅಂಡಾಶಯದ ಕ್ಯಾನ್ಸರ್‌ನಿಂದ ಸತ್ತವರು 44. ಹೃದಯದ ಕಾಯಿಲೆ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಹೆಂಗಸರನ್ನು ಕೊಲ್ಲುತ್ತದೆ.

ಪಿಸಿಒಎಸ್ ಇದ್ದರೆ ಅಂಡಾಶಯದ ಕ್ಯಾನ್ಸರ್ ಜಾಸ್ತಿ ಬರುತ್ತದೆ ಅನ್ನುವುದಕ್ಕೆ ಸ್ಪಷ್ಟ ಪುರಾವೆ ಇಲ್ಲ. ನಮಗೆ ಜಾಸ್ತಿ ಇರುವುದು ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಅಪಾಯ. ಗರ್ಭಕೋಶ ತೆಗೆದರೆ ಆ ಚಿಂತೆ ಹೋಯಿತು. ಈ ಎರಡು ಕ್ಯಾನ್ಸರ್‌ಗಳನ್ನು ಬೆರೆಸಿ ಹೇಳಿ ಹೆಂಗಸರನ್ನು ಹೆದರಿಸುವುದನ್ನು ಕಂಡಿದ್ದೇನೆ. ನನಗೆ ಬೇಸರ ಆಗುವುದು ಅಲ್ಲೇ.

ನಾಳ ಮಾತ್ರ ತೆಗೆಸಿ ಅಂತ ಈಗೀಗ ಹೇಳುತ್ತಾರೆ. ಅದೇನು?

ಇದು ನಿಜವಾಗಿಯೂ ಒಳ್ಳೆಯ ಸುದ್ದಿ. ಅಂಡಾಶಯದ್ದು ಅಂತ ಕರೆಯುವ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದ ಮತ್ತು ಅಪಾಯದ ಬಗೆ ಬಹುಪಾಲು ಶುರುವಾಗುವುದು ನಾಳದ ತುದಿಯಲ್ಲಿ ಎಂದು ಈಗ ಗೊತ್ತಾಗಿದೆ. ಗರ್ಭಕೋಶ ಹೋದ ಮೇಲೆ ನಾಳಕ್ಕೆ ಕೆಲಸ ಇಲ್ಲ. ಅದು ಹಾರ್ಮೋನ್ ಕೂಡ ಮಾಡುವುದಿಲ್ಲ. ಹಾಗಾಗಿ ನಾಳ ತೆಗೆದು ಅಂಡಾಶಯ ಬಿಟ್ಟರೆ ಕ್ಯಾನ್ಸರ್ ಅಪಾಯ ಕಡಿಮೆ ಆಗುತ್ತದೆ, ಹಾರ್ಮೋನೂ ಉಳಿಯುತ್ತದೆ. ನಾನು ಆರಿಸಿಕೊಂಡದ್ದು ಇದನ್ನೇ. ಡಾಕ್ಟರ್ ತಾವಾಗಿ ಈ ಮಾತು ಎತ್ತದಿದ್ದರೆ ನೀವೇ ಎತ್ತಿ.

"ಹೊಟ್ಟೆ ತೆರೆದಿದ್ದೇವೆ, ಜೊತೆಗೇ ತೆಗೆದುಬಿಡೋಣ" ಅನ್ನುತ್ತಾರೆ. ಅದೂ ಸರಿ ಅನ್ನಿಸುತ್ತದೆ.

ಆಪರೇಷನ್ ಮಟ್ಟಿಗೆ ಅದು ಸುಲಭವೇ. ಸಮಯವೂ ಜಾಸ್ತಿ ಹಿಡಿಯುವುದಿಲ್ಲ. ಆದರೆ ತೆಗೆಯುವುದು ಸುಲಭ ಅನ್ನುವುದು ತೆಗೆಯಲು ಕಾರಣ ಆಗುವುದಿಲ್ಲ. 1872ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಟಿ ಎಂಬ ಸರ್ಜನ್, ಗೆಡ್ಡೆ ಇಲ್ಲದ ಅಂಡಾಶಯಗಳನ್ನು ಮುಟ್ಟಿನ ತೊಂದರೆಗೆಂದು ತೆಗೆಯಲು ಶುರು ಮಾಡಿದರು. ಆಮೇಲೆ ಮುಟ್ಟಿನ ನೋವಿಗೆ, ಮನಸ್ಸಿನ ತಳಮಳಕ್ಕೆ, ಮೂರ್ಛೆ ರೋಗಕ್ಕೆ ಅಂತ ಸಾವಿರಾರು ಹೆಂಗಸರ ಅಂಡಾಶಯ ಹೋಯಿತು. ಅಂಡಾಶಯ ಏನು ಕೆಲಸ ಮಾಡುತ್ತದೆ ಅಂತ ಆಗ ಸರಿಯಾಗಿ ಗೊತ್ತಿರಲಿಲ್ಲ. ಈಗ ಗೊತ್ತಿದೆ.

ನನ್ನ ವಯಸ್ಸಿಗೆ ಯಾವುದು ಸರಿ?

45ರ ಒಳಗೆ, ಬೇರೆ ಗಟ್ಟಿ ಕಾರಣ ಇಲ್ಲದಿದ್ದರೆ, ಉಳಿಸಿಕೊಳ್ಳುವುದರ ಕಡೆಗೇ ತಕ್ಕಡಿ ಚೆನ್ನಾಗಿ ವಾಲುತ್ತದೆ. 45ರಿಂದ 50ರವರೆಗೂ ಹೆಚ್ಚುಕಡಿಮೆ ಹಾಗೆಯೇ. ನಮಗೆ ಇಲ್ಲಿ ಇನ್ನೊಂದು ವಿಷಯ ಇದೆ. ಪಿಸಿಒಎಸ್ ಇರುವವರಿಗೆ ಮುಟ್ಟು ನಿಲ್ಲುವುದು ಬೇರೆಯವರಿಗಿಂತ ಒಂದೆರಡು ವರ್ಷ ತಡ ಆಗುವುದುಂಟು. 48ಕ್ಕೆ "ಹೇಗೂ ನಿಲ್ಲುವ ಹೊತ್ತಾಯಿತು" ಅಂದುಕೊಂಡು ತೆಗೆಸಿದರೆ, ಇನ್ನೂ ನಾಲ್ಕೈದು ವರ್ಷ ಕೆಲಸ ಮಾಡಬಹುದಾಗಿದ್ದ ಅಂಡಾಶಯ ಹೋಗಬಹುದು.

ವಯಸ್ಸಾದಂತೆ ಪಿಸಿಒಎಸ್ ಕೂಡ ಸ್ವಲ್ಪ ಮೆತ್ತಗಾಗುತ್ತದೆ. ನಲವತ್ತರ ಆಚೆ ಗಂಡು ಹಾರ್ಮೋನ್ ಇಳಿಯುತ್ತದೆ, ಎಷ್ಟೋ ಮಂದಿಗೆ ಮುಟ್ಟು ಸರಿಯಾಗಿ ಬರಲು ಶುರುವಾಗುತ್ತದೆ. ಇಪ್ಪತ್ತೈದರಲ್ಲಿ ಕೊಟ್ಟ ಕಾಟವನ್ನು ನೆನೆದು ನಲವತ್ತೈದರ ಅಂಡಾಶಯವನ್ನು ತೆಗೆಸುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ.

ಮುಟ್ಟು ನಿಂತು ವರ್ಷಗಳಾಗಿದ್ದರೆ ತೂಕ ಬೇರೆ. ಆಗ ಈಸ್ಟ್ರೋಜನ್ ಹೇಗೂ ಇಳಿದಿರುತ್ತದೆ. ತೆಗೆಸಿದರೂ ದೊಡ್ಡ ಬದಲಾವಣೆ ಗೊತ್ತಾಗದಿರಬಹುದು. ಆದರೆ ಆಗಲೂ ಅಂಡಾಶಯ ಸ್ವಲ್ಪ ಗಂಡು ಹಾರ್ಮೋನ್ ಮಾಡುತ್ತಿರುತ್ತದೆ. ಮೈ ಅದನ್ನೇ ಕೊಂಚ ಈಸ್ಟ್ರೋಜನ್ ಆಗಿ ಮಾಡಿಕೊಳ್ಳುತ್ತದೆ.

ಹಾಗಾದರೆ ಯಾರು ತೆಗೆಸಬೇಕು?

ಮೊದಲನೆಯದು ಮನೆತನ. ತಾಯಿ, ಅಕ್ಕ ತಂಗಿ, ಚಿಕ್ಕಮ್ಮ, ಅತ್ತೆ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತಾ? ಇಲ್ಲಿ ಅತ್ತೆ ಅಂದರೆ ತಂದೆಯ ಅಕ್ಕತಂಗಿಯರು. ಈ ಕ್ಯಾನ್ಸರ್‌ಗಳ ಅಪಾಯ ಏರಿಸುವ ಕೆಟ್ಟ ಜೀನ್ ತಂದೆಯ ಕಡೆಯಿಂದಲೂ ಬರುತ್ತದೆ ಅನ್ನುವುದನ್ನು ಬಹಳ ಮಂದಿ ಮರೆಯುತ್ತಾರೆ. ಬಿಆರ್‌ಸಿಎ1 ಜೀನ್ ಕೆಟ್ಟಿದ್ದರೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ 40ರ ಆಸುಪಾಸು, ಇಲ್ಲವೇ ಅದಕ್ಕೂ ಜಾಸ್ತಿ. ಬಿಆರ್‌ಸಿಎ2 ಆದರೆ ಅದಕ್ಕಿಂತ ಕಡಿಮೆ, ಆದರೂ ಸಾಮಾನ್ಯರಿಗಿಂತ ಹತ್ತು ಪಟ್ಟಿಗೂ ಮೇಲೆ. ಇಂಥವರಿಗೆ ಬಿಆರ್‌ಸಿಎ1 ಇದ್ದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ದರೆ 40ರಿಂದ 45ರೊಳಗೆ ಅಂಡಾಶಯ, ನಾಳ ಎರಡನ್ನೂ ತೆಗೆಸಿ ಎಂದು ಸಲಹೆ ಕೊಡುತ್ತಾರೆ. ಲಿಂಚ್ ಸಿಂಡ್ರೋಮ್ (ಕರುಳು, ಗರ್ಭಕೋಶದ ಕ್ಯಾನ್ಸರ್ ಅಪಾಯ ಏರಿಸುವ ಇನ್ನೊಂದು ಜೀನ್ ದೋಷ) ಇದ್ದವರಿಗೂ ಈ ಮಾತು ಬರುತ್ತದೆ. ಮನೆತನದಲ್ಲಿ ಅನುಮಾನ ಇದ್ದರೆ ಆಪರೇಷನ್‌ಗೆ ಮೊದಲೇ ಜೀನ್ ಪರೀಕ್ಷೆ ಮಾಡಿಸಿ. ಇದು ಬಿಡಬಾರದ ಹೆಜ್ಜೆ.

ಅಂಡಾಶಯದಲ್ಲಿ ಅನುಮಾನದ ಗೆಡ್ಡೆ ಇದ್ದರೆ, ಗರ್ಭಕೋಶದ ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಚಿಕ್ಕ ವಯಸ್ಸು, ತೀರಾ ಮೊದಲ ಹಂತದ ಕ್ಯಾನ್ಸರ್ ಆದರೆ ಉಳಿಸಬಹುದಾ ಎಂದು ಕೇಳಬಹುದು. ಎಂಡೊಮೆಟ್ರಿಯೋಸಿಸ್ ತೀವ್ರವಾಗಿ ಅಂಡಾಶಯಕ್ಕೆ ಅಂಟಿಕೊಂಡಿದ್ದರೆ, ಉಳಿಸಿದಲ್ಲಿ ನೋವು ಮರಳುವ ಸಾಧ್ಯತೆ ಜಾಸ್ತಿ.

ಇನ್ನೊಂದು ಗುಂಪು ಇದೆ. ಮುಟ್ಟಿಗೆ ಮೊದಲು ಮನಸ್ಸು ಪೂರ್ತಿ ಕುಸಿಯುವವರು, ಸಾಯುವ ಯೋಚನೆ ಬರುವವರು. ಬೇರೆ ಯಾವ ಚಿಕಿತ್ಸೆಯೂ ನಾಟದಿದ್ದಾಗ ಅವರಿಗೆ ಅಂಡಾಶಯ ತೆಗೆಯುವ ಮಾತು ಬರುತ್ತದೆ. ಅಂಥವರು ಮೊದಲು ಕೆಲವು ತಿಂಗಳು ಜಿಎನ್‌ಆರ್‌ಎಚ್ ಇಂಜೆಕ್ಷನ್ ತೆಗೆದುಕೊಂಡು ನೋಡಬೇಕು. ಅದು ಅಂಡಾಶಯವನ್ನು ತಾತ್ಕಾಲಿಕವಾಗಿ ಮಲಗಿಸುತ್ತದೆ. ಅಂಡಾಶಯ ಇಲ್ಲದ ಬದುಕು ಹೇಗಿರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಇಂಜೆಕ್ಷನ್ ನಿಲ್ಲಿಸಿದರೆ ಅಂಡಾಶಯ ಎಚ್ಚರಗೊಳ್ಳುತ್ತದೆ. ಆಪರೇಷನ್‌ನಲ್ಲಿ ಆ ಅನುಕೂಲ ಇಲ್ಲ.

ಉಳಿಸಿಕೊಂಡರೆ ಮುಂದೆ ಇನ್ನೊಂದು ಆಪರೇಷನ್ ಆಗಬೇಕಾಗುತ್ತಾ?

ಕೆಲವರಿಗೆ ಆಗುತ್ತದೆ. ದೀರ್ಘಕಾಲ ಗಮನಿಸಿದ ಅಧ್ಯಯನದಲ್ಲೂ ಅಂಥವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಗರ್ಭಕೋಶ ತೆಗೆಸದೇ ಇದ್ದವರಲ್ಲೂ ಒಂದಷ್ಟು ಮಂದಿಗೆ ಅಂಡಾಶಯದ ಆಪರೇಷನ್ ಆಗೇ ಆಗುತ್ತದೆ. ವ್ಯತ್ಯಾಸ ದೊಡ್ಡದಲ್ಲ.

ಒಂದನ್ನು ತೆಗೆಸಿ ಒಂದನ್ನು ಇಟ್ಟುಕೊಳ್ಳಬಹುದಾ?

ಒಂದರಲ್ಲಿ ತೊಂದರೆ ಇದ್ದರೆ ಖಂಡಿತ. ಉಳಿದ ಒಂದೇ ಸಾಮಾನ್ಯವಾಗಿ ಮೈಗೆ ಬೇಕಾದಷ್ಟು ಹಾರ್ಮೋನ್ ಮಾಡುತ್ತದೆ. ಪಿಸಿಒಎಸ್ ಅರ್ಧ ಆಗಲಿ ಅಂತ ಒಂದನ್ನು ತೆಗೆಸುವುದರಲ್ಲಿ ಅರ್ಥ ಇಲ್ಲ.

ಅಂಡಾಶಯ ಉಳಿಸಿಕೊಂಡೆ. ಇನ್ನು ಮುಟ್ಟು ಬರುವುದಿಲ್ಲವಲ್ಲ, ಅಂಡಾಶಯ ನಿಂತದ್ದು ಗೊತ್ತಾಗುವುದು ಹೇಗೆ?

ಮುಟ್ಟು ಇಲ್ಲದಿದ್ದರೂ ಅಂಡಾಶಯ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ನನಗೆ ಈಗಲೂ ಕೆಲವೊಮ್ಮೆ ಎದೆ ಭಾರವಾಗುತ್ತದೆ, ಎರಡು ದಿನ ಸಿಡುಕು ಬರುತ್ತದೆ, ಹೋಗುತ್ತದೆ. ಮೈ ಕಾದು ಬೆವರುವುದು, ನಿದ್ದೆ ಕೆಡುವುದು ಶುರುವಾದರೆ ಡಾಕ್ಟರ್‌ಗೆ ಹೇಳಿ. ಅಂಡಾಶಯ ಸೋತಾಗ ಏರುವ ಎಫ್‌ಎಸ್‌ಎಚ್ ಹಾರ್ಮೋನ್‌ನ ರಕ್ತಪರೀಕ್ಷೆ ಸಹಾಯಕ್ಕೆ ಬರುತ್ತದೆ.

ಒಂದು ಮಾತು ಮುಚ್ಚಿಡಬಾರದು. ಗರ್ಭಕೋಶ ಮಾತ್ರ ತೆಗೆಸಿದರೂ ಕೆಲವರ ಅಂಡಾಶಯ ಬೇಗ ಸೋಲುತ್ತದೆ. ಕೆಲವು ಅಧ್ಯಯನಗಳಲ್ಲಿ ಎರಡು ಮೂರು ವರ್ಷ ಮೊದಲೇ ನಿಂತದ್ದು ಕಂಡಿದೆ. ಅಂಡಾಶಯಕ್ಕೆ ಹೋಗುವ ರಕ್ತ ಕಡಿಮೆ ಆಗುವುದು ಇದಕ್ಕೆ ಕಾರಣ ಇರಬಹುದು. ಹಾಗಾಗಿ ನಲವತ್ತರ ಹೊತ್ತಿನಲ್ಲೇ ಈ ಲಕ್ಷಣ ಬಂದರೆ "ಅಂಡಾಶಯ ಇದೆಯಲ್ಲ" ಅಂತ ಸುಮ್ನೆ ಕೂರಬೇಡಿ.

ತೆಗೆಸಲೇಬೇಕಾಗಿ ಬಂದರೆ ಹಾರ್ಮೋನ್ ತೆಗೆದುಕೊಳ್ಳಬೇಕಾ? ಅದರಿಂದ ಸ್ತನದ ಕ್ಯಾನ್ಸರ್ ಬರುತ್ತದೆ ಅನ್ನುತ್ತಾರಲ್ಲ?

ಚಿಕ್ಕ ವಯಸ್ಸಿನಲ್ಲಿ ತೆಗೆಸಿದವರಿಗೆ, ಬೇಡ ಅನ್ನಲು ಬೇರೆ ಕಾರಣ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡುವುದೇ ಸರಿಯಾದ ದಾರಿ. ಸುಮಾರು 51 ಅಂತ ಲೆಕ್ಕ. ಇದನ್ನು ಜಾಸ್ತಿ ಹಾರ್ಮೋನ್ ಅಂತ ನೋಡಬೇಡಿ. ಮೈಯಲ್ಲಿ ಇರಬೇಕಾಗಿದ್ದದ್ದನ್ನು ಹಿಂದಕ್ಕೆ ಕೊಡುತ್ತಿದ್ದಾರೆ ಅಷ್ಟೇ.

ಭಯ ಹುಟ್ಟಿದ್ದು, ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಕೊಟ್ಟು ನೋಡಿದ ಅಮೆರಿಕದ ಡಬ್ಲ್ಯುಎಚ್‌ಐ ಅಧ್ಯಯನದ ಸುದ್ದಿಯಿಂದ. ಅಲ್ಲಿ ಎರಡು ಗುಂಪುಗಳಿದ್ದವು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟಿರಾನ್‌ನಂತೆ ಕೆಲಸ ಮಾಡುವ ಔಷಧ) ತೆಗೆದುಕೊಂಡವರಲ್ಲಿ ಸ್ತನದ ಕ್ಯಾನ್ಸರ್ ಏರಿತು. ಗರ್ಭಕೋಶ ಇಲ್ಲದ ಕಾರಣ ಬರೀ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಏರಲಿಲ್ಲ. ಆದರೆ ಪಾರ್ಶ್ವವಾಯು ಕೊಂಚ ಜಾಸ್ತಿ ಕಂಡಿತು. ಅವರೆಲ್ಲ 50ರಿಂದ 79 ವರ್ಷದವರು. 42ರ ಹೆಂಗಸಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟಿರಾನ್ ಬೇಕಾಗುವುದಿಲ್ಲ. ಎಂಡೊಮೆಟ್ರಿಯೋಸಿಸ್ ಉಳಿದಿದ್ದರೆ, ಗರ್ಭಕೋಶದ ಕೊರಳು ಉಳಿಸಿದ್ದರೆ ಬೇಕಾಗಬಹುದು.

ತೂಕ ಜಾಸ್ತಿ ಇರುವವರು, ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರು ಮಾತ್ರೆಗೆ ಬದಲು ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಬಗ್ಗೆ ಕೇಳಿ. ಅದರಲ್ಲಿ ಹೆಪ್ಪುಗಟ್ಟುವ ಅಪಾಯ ಕಡಿಮೆ. ಸ್ತನದ ಕ್ಯಾನ್ಸರ್ ಬಂದು ಹೋದವರಿಗೆ ಹಾರ್ಮೋನ್ ಸಾಮಾನ್ಯವಾಗಿ ಆಗುವುದಿಲ್ಲ. ಅವರು ಅಂಡಾಶಯದ ತೀರ್ಮಾನವನ್ನು ಇನ್ನೂ ಜಾಗ್ರತೆಯಿಂದ ಮಾಡಬೇಕು. ಇನ್ನೊಂದು: ಆಪರೇಷನ್ ಆದ ಮೇಲೆ "ನೋಡೋಣ" ಅನ್ನುವ ಬದಲು, ಹಾರ್ಮೋನ್ ಯಾವಾಗ ಶುರು, ಎಷ್ಟು, ಯಾರು ಬರೆದುಕೊಡುತ್ತಾರೆ ಅನ್ನುವುದನ್ನು ಆಪರೇಷನ್‌ಗೆ ಮೊದಲೇ ಮಾತಾಡಿಕೊಳ್ಳಿ.

ಗಂಡ ಹೆಂಡತಿ ಸಂಬಂಧಕ್ಕೆ ತೊಂದರೆ ಆಗುತ್ತಾ?

ಈ ಪ್ರಶ್ನೆಯನ್ನು ಪಿಸುಮಾತಲ್ಲಿ ಕೇಳುತ್ತಾರೆ. ಧೈರ್ಯವಾಗಿ ಕೇಳಬೇಕಾದ ಪ್ರಶ್ನೆ. ಎರಡೂ ಅಂಡಾಶಯ ಹೋದರೆ ಟೆಸ್ಟೋಸ್ಟೆರಾನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಸೆ ಕಡಿಮೆ ಆಗಬಹುದು. ಒಣಗುವುದರಿಂದ ನೋವೂ ಆಗಬಹುದು. ಒಣಗುವುದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಗರ್ಭಕೋಶ ಮಾತ್ರ ತೆಗೆಸಿದ ಬಹಳ ಮಂದಿಗೆ ರಕ್ತಸ್ರಾವದ ಕಾಟ ತಪ್ಪಿ ಸಂಬಂಧ ಮೊದಲಿಗಿಂತ ಹಿತವಾಗಿದೆ.

ಆಪರೇಷನ್ ಆದ ಮೇಲೆ ಪಿಸಿಒಎಸ್ ಡಾಕ್ಟರ್ ಹತ್ತಿರ ಹೋಗುವುದು ಬಿಡಬಹುದಾ?

ದಯವಿಟ್ಟು ಬಿಡಬೇಡಿ. ಮುಟ್ಟಿನ ತೊಂದರೆ ಹೋದ ಕೂಡಲೇ ಪಿಸಿಒಎಸ್ ಹೋಯಿತು ಅಂತ ಅನ್ನಿಸುತ್ತದೆ. ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಆಗಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ನಮಗೆ ಜಾಸ್ತಿ ಸೂಕ್ತ. ಬಿಪಿ, ಕೊಲೆಸ್ಟರಾಲ್ ನೋಡಿಸಿ. ಇನ್ಸುಲಿನ್ ಕೆಲಸ ಸುಧಾರಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ.

ಡಾಕ್ಟರ್‌ ಹತ್ತಿರ ಏನೇನು ಕೇಳಲಿ?

ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ನನ್ನ ಅಂಡಾಶಯದಲ್ಲಿ ಪಿಸಿಒಎಸ್ ಬಿಟ್ಟು ಬೇರೆ ಏನಾದರೂ ಇದೆಯಾ? ಪಿಸಿಒಎಸ್ ಇಲ್ಲದಿದ್ದರೂ ತೆಗೆಸಿ ಅನ್ನುತ್ತಿದ್ದಿರಾ? ನಾಳ ಮಾತ್ರ ತೆಗೆಯಲು ಆಗುತ್ತಾ? ಆಪರೇಷನ್ ನಡುವೆ ಏನು ಕಂಡರೆ ಅಂಡಾಶಯ ತೆಗೆಯುತ್ತೀರಿ? ಎರಡನೆಯ ಪ್ರಶ್ನೆ ಕೇಳಿದಾಗ ಡಾಕ್ಟರ್ ಸ್ವಲ್ಪ ಹೊತ್ತು ಯೋಚಿಸಿ "ಇಲ್ಲ, ನಿಮ್ಮ ವಯಸ್ಸಿಗೆ ಅನ್ನುತ್ತಿರಲಿಲ್ಲ" ಅಂದರು. ನನ್ನ ತೀರ್ಮಾನ ಆದದ್ದು ಅಲ್ಲೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಪೂರ್ತಿ ಓದಿ. "ಅಗತ್ಯ ಬಿದ್ದರೆ ಬಿಎಸ್‌ಒ" ಎಂದು ಇದ್ದರೆ, ಯಾವ ಅಗತ್ಯ ಅಂತ ಬಿಡಿಸಿ ಬರೆಸಿ. "ಕ್ಯಾನ್ಸರ್ ಅನುಮಾನ ಬಂದರೆ ಅಥವಾ ರಕ್ತಸ್ರಾವ ನಿಲ್ಲದಿದ್ದರೆ ಮಾತ್ರ" ಅಂತ ಸೇರಿಸಲು ಕೇಳಬಹುದು. ಇದು ಜಗಳ ಅಲ್ಲ, ನಿಮ್ಮ ಹಕ್ಕು. ಆಪರೇಷನ್ ಮಾಡುವವರೇ ಅದನ್ನು ನೋಡಿರಬೇಕು. ಮನೆಯವರಲ್ಲಿ ಒಬ್ಬರಿಗೂ ನಿಮ್ಮ ಇಷ್ಟ ಏನು ಅಂತ ಸ್ಪಷ್ಟವಾಗಿ ತಿಳಿಸಿಡಿ. ನಿಮಗೆ ಅರಿವಳಿಕೆ ಕೊಟ್ಟಿರುವಾಗ ಹೊರಗೆ ಬಂದು ಕೇಳುವುದು ಅವರನ್ನೇ.

ನಾನು ಎರಡೂ ಅಂಡಾಶಯ ತೆಗೆಸಿಯಾಗಿದೆ. ಇದನ್ನೆಲ್ಲ ಓದಿ ಸಂಕಟವಾಗುತ್ತಿದೆ. ತಪ್ಪು ಮಾಡಿದೆನಾ?

ನೀವು ತಪ್ಪು ಮಾಡಲಿಲ್ಲ. ಆಗ ನಿಮಗೆ ಏನು ಹೇಳಿದ್ದರೋ ಅದರ ಮೇಲೆ ತೀರ್ಮಾನ ಮಾಡಿದಿರಿ. ಎಷ್ಟೋ ಮಂದಿಗೆ ಯಾರೂ ಏನೂ ಹೇಳಿರುವುದೇ ಇಲ್ಲ.

ಈಗ ಮಾಡಬಹುದಾದದ್ದು ಬಹಳ ಇದೆ. ನಿಮಗಿನ್ನೂ 50 ಆಗಿಲ್ಲ, ಹಾರ್ಮೋನ್ ತೆಗೆದುಕೊಳ್ಳುತ್ತಿಲ್ಲ ಅಂದರೆ ಈ ವಾರವೇ ಡಾಕ್ಟರ್ ಹತ್ತಿರ ಆ ಮಾತು ಎತ್ತಿ. ಡೆಕ್ಸಾ ಎನ್ನುವ ಮೂಳೆ ಸ್ಕ್ಯಾನ್ ಮಾಡಿಸಿ. ವಿಟಮಿನ್ ಡಿ ನೋಡಿಸಿ. ನಡಿಗೆಯ ಜೊತೆ ತೂಕ ಎತ್ತುವ ವ್ಯಾಯಾಮ ವಾರಕ್ಕೆ ಎರಡು ಸಲವಾದರೂ ಇರಲಿ. ಅದು ಮೂಳೆಗೂ ಆಯಿತು, ಇನ್ಸುಲಿನ್‌ಗೂ ಆಯಿತು. ಆಪರೇಷನ್ ರಿಪೋರ್ಟ್ ಮತ್ತು ಬಯಾಪ್ಸಿ ರಿಪೋರ್ಟ್ ಹುಡುಕಿ ತೆಗೆದಿಡಿ. ಏನು ತೆಗೆದರು, ಏನು ಉಳಿಸಿದರು ಅಂತ ಅದರಲ್ಲಿ ಇರುತ್ತದೆ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಕೇಳುವುದು ಅದನ್ನೇ.